ಪೇಟೆಯ ಬೀದಿ, ಅಂಗಡಿಯ ಬಾಗಿಲು

(ಶಿರಗುಪ್ಪಿಯಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಯುವಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)





ಹಾಸ್ಟೆಲ್ ಹುಡುಗರು ಒಂದು ಪ್ರಶ್ನೆ ಕೇಳಿದ್ದಾರೆ. "ನಾವು ಚಳವಳಿ ಮಾಡ್ತೀವಿ, ಪೇಟೆ ಬಂದ್ ಆಗ್ತದ, ಅಂಗಡಿಯವರು ನಮ್ಮನ್ನ ಬಯ್ತಾರ. ಅವರು ಬಯ್ಯೋದು ಖರೇನೋ ಸುಳ್ಳೋ?" ಈ ಪ್ರಶ್ನೆಯನ್ನು ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ. ಎತ್ತಿದರೆ ಚಳವಳಿಗೆ ಹಿನ್ನಡೆ ಆಗ್ತದೆ ಅನ್ನೋ ಭಯ. ಆದರೆ ನಮ್ಮೊಳಗೆ ನಾವೇ ಮಾತಾಡಿಕೊಳ್ಳದಿದ್ದರೆ ಇದಕ್ಕೆ ಉತ್ತರವನ್ನು ಪೊಲೀಸರು ಕೊಡ್ತಾರೆ. ಆದ್ದರಿಂದ ಇವತ್ತು ಇದನ್ನೇ ಮಾತಾಡೋಣ.

2024ರ ಡಿಸೆಂಬರ್ 17ರಂದು ರಾಜ್ಯಸಭೆಯಲ್ಲಿ ಗೃಹಮಂತ್ರಿ ಅಮಿತ್ ಶಾ ಅವರು ಬಾಬಾಸಾಹೇಬರ ಹೆಸರಿನ ಬಗ್ಗೆ ಆಡಿದ ಮಾತು ನಿಮಗೆಲ್ಲ ನೆನಪಿದೆ. ಡಿಸೆಂಬರ್ 24ರಂದು ಕಲಬುರಗಿ ಬಂದ್ ಆಯಿತು. 2025ರ ಜನವರಿ 7ರಂದು ಮೈಸೂರು. ಜನವರಿ 9ರಂದು ನಮ್ಮ ಹುಬ್ಬಳ್ಳಿ-ಧಾರವಾಡ. ಅವತ್ತು ಅವಳಿ ನಗರದ ಪೇಟೆ ಬಾಗಿಲು ಹಾಕಿತ್ತು, ಬಸ್ಸು ನಿಂತಿದ್ದವು. ಆ ಸಿಟ್ಟು ನ್ಯಾಯದ ಸಿಟ್ಟು. ಅದರ ಬಗ್ಗೆ ಇಲ್ಲಿ ಯಾರಿಗೂ ಅನುಮಾನ ಬೇಡ. ನಾವು ಕೇಳಿಕೊಳ್ಳಬೇಕಾದ್ದು ಬೇರೆ ಪ್ರಶ್ನೆ. ಮುಂದಿನ ಸಲ ಕರೆ ಬಂದಾಗ ಶಿರಗುಪ್ಪಿಯಿಂದ, ಸುತ್ತಲ ಹಳ್ಳಿಗಳಿಂದ, ಹಾಸ್ಟೆಲುಗಳಿಂದ ಹುಬ್ಬಳ್ಳಿಗೆ ಹೋಗುವ ನಮ್ಮ ಕೈಯಲ್ಲಿ ಏನಿರಬೇಕು? ಕರಪತ್ರವೋ ಕೋಲೋ?

ಮೊದಲು ಸಂವಿಧಾನ ಏನು ಹೇಳ್ತದೆ ನೋಡೋಣ. 19ನೇ ವಿಧಿ ತೆಗೆದು ಓದಿ. ಮೊದಲಿಗೇ ಮಾತಿನ ಸ್ವಾತಂತ್ರ್ಯ ಇದೆ. ಅದರ ಕೆಳಗೆ ಆಯುಧ ಇಲ್ಲದೆ ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯ ಇದೆ. ಅದೇ ಪಟ್ಟಿಯ ಕೊನೆಗೆ ಯಾವ ಉದ್ಯೋಗ, ವ್ಯಾಪಾರ ಬೇಕಾದರೂ ಮಾಡುವ ಸ್ವಾತಂತ್ರ್ಯ ಇದೆ. ನಮ್ಮ ಹಕ್ಕು, ಅಂಗಡಿಯವನ ಹಕ್ಕು ಎರಡೂ ಒಂದೇ ವಿಧಿಯೊಳಗೆ ಅಕ್ಕಪಕ್ಕ ಕೂತಿವೆ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ನಮ್ಮ ಬಾಬಾಸಾಹೇಬರು. ಒಂದು ಹಕ್ಕನ್ನು ಎತ್ತಿ ಹಿಡಿದು ಇನ್ನೊಂದನ್ನು ತುಳಿಯುವುದಕ್ಕೆ ಅಲ್ಲಿ ಜಾಗ ಇಲ್ಲ.

ಹಾಗಂತ ಪೇಟೆಯ ಮುಂದೆ ನಾವು ಕೈಮುಗಿದು ನಿಲ್ಲಬೇಕಾ? ಬೇಡ. ಪೇಟೆಯ ಚರಿತ್ರೆಯೂ ನಮಗೆ ಗೊತ್ತಿರಬೇಕು.

1927ರ ಮಾರ್ಚಿನಲ್ಲಿ ಮಹಾಡದಲ್ಲಿ ಸಮ್ಮೇಳನ ನಡೆದಾಗ ಕುಡಿಯುವ ನೀರನ್ನೇ ನಲವತ್ತು ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ಊರಿನಲ್ಲಿ ಕೆರೆ ಇತ್ತು, ನೀರಿತ್ತು, ಆದರೆ ಅಸ್ಪೃಶ್ಯರಿಗೆ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನಕ್ಕೆ ಪೆಂಡಾಲು ಹಾಕಲು ಸವರ್ಣೀಯರು ಯಾರೂ ಜಾಗ ಕೊಡಲಿಲ್ಲ, ಫತ್ತೇಖಾನ್ ಎಂಬ ಮುಸ್ಲಿಮರು ಕೊಟ್ಟರು. ಊರಿನ ವ್ಯಾಪಾರಿಗಳು ಸಾಮಾನು ಮಾರುವುದಿಲ್ಲ ಎಂದರು. ಕಾಳುಕಡಿಯನ್ನು ಹೊರಗಿನಿಂದ ತರಿಸಬೇಕಾಯಿತು. ನಮ್ಮ ಮಟ್ಟಿಗೆ ಮೊದಲ ಬಂದ್ ಮಾಡಿದವರು ವ್ಯಾಪಾರಿಗಳೇ. ಊರಿನ ಸಂತೆಯಲ್ಲಿ ದುಡ್ಡು ಕೊಟ್ಟರೂ ಸಾಮಾನನ್ನು ದೂರದಿಂದ ಎಸೆಯುತ್ತಿದ್ದ ಕಾಲವನ್ನು ನಮ್ಮ ಅಜ್ಜ ಅಜ್ಜಿಯರು ಕಂಡಿದ್ದಾರೆ.

ಅದಕ್ಕೇ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಂದು ಒಂದೊಂದನ್ನೂ ಹೆಸರು ಹಿಡಿದು ಬರೆದರು. ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದರು. ಬರೆದು ಮುಗಿಯಲಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡುವುದಿಲ್ಲ ಎಂಬ ಜಗಳ ಹೊಗೆಯಾಡುತ್ತಿತ್ತು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ವ್ಯಾಪಾರಿಯ ಹಕ್ಕು ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ವ್ಯಾಪಾರ ಮಾಡುವ ಹಕ್ಕು ಇದೆ. ನಮ್ಮನ್ನು ಬಾಗಿಲಿನಿಂದ ಆಚೆ ನಿಲ್ಲಿಸುವ ಹಕ್ಕು ಯಾವ ವ್ಯಾಪಾರಿಗೂ ಇಲ್ಲ.

ಈಗ ಇನ್ನೊಂದು ಕಡೆಯಿಂದ ಪೇಟೆಯನ್ನು ನೋಡೋಣ. "ಪೇಟೆ" ಅಂದಕೂಡಲೇ ನಮ್ಮ ಕಣ್ಣಿಗೆ ಗಾದಿಯ ಮೇಲೆ ಕೂತ ಸಾವುಕಾರ ಕಾಣುತ್ತಾನೆ. ಆದರೆ ದುರ್ಗದಬೈಲಿನಲ್ಲಿ ಸಂಜೆ ನಿಂತು ನೋಡಿ. ಗಿರಮಿಟ್ ಮಾರುವವನು, ಬಾಳೆಹಣ್ಣಿನ ತಳ್ಳುಗಾಡಿಯವಳು, ಚಪ್ಪಲಿ ಹೊಲಿಯುವ ಅಣ್ಣ, ಬಟ್ಟೆ ಅಂಗಡಿಯಲ್ಲಿ ದಿನಗೂಲಿಗೆ ಥಾನು ಬಿಚ್ಚುವ ಹುಡುಗಿ, ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ, ಇವರೂ ಪೇಟೆಯೇ. ಸಾವುಕಾರ ಒಂದು ದಿನ ಬಾಗಿಲು ಹಾಕಿದರೆ ಅವನ ಮನೆಯ ಒಲೆ ಆರುವುದಿಲ್ಲ. ಹಮಾಲ ಒಂದು ದಿನ ಚೀಲ ಹೊರದಿದ್ದರೆ ಅವತ್ತಿನ ಪಗಾರ ಹೋಯಿತು. ಮುಂಜಾನೆ ಸಾಲ ಮಾಡಿ ಹಣ್ಣು ತಂದವಳು ಸಂಜೆಗೆ ಬಡ್ಡಿ ಕಟ್ಟಬೇಕು, ಮಾರದ ಹಣ್ಣು ಕೊಳೆತರೆ ಅದರ ಲುಕ್ಸಾನೂ ಅವಳದೇ. ಇವರೊಳಗೆ ಎಷ್ಟು ಜನ ನಮ್ಮ ಕೇರಿಯವರು ಎಂದು ನಾವು ಹೇಳಬೇಕಾಗಿಲ್ಲ. ಬೀದಿಯಲ್ಲಿ ಮಾರುವುದೂ 19ನೇ ವಿಧಿಯ ಹಕ್ಕೇ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆಯೂ ಬಂತು. "ವ್ಯಾಪಾರಿಗಳ ಹಕ್ಕು" ಎಂಬ ಮಾತನ್ನು ಚೇಂಬರಿನವರ ಬಾಯಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರಬಾರದು. ಅದು ನಮ್ಮವ್ವನ ಹಕ್ಕು ಕೂಡ ಹೌದು.

ನ್ಯಾಯಾಲಯಗಳು ಈ ಎರಡು ಹಕ್ಕುಗಳ ನಡುವೆ ಗೆರೆಯನ್ನು ಎಲ್ಲಿ ಎಳೆದಿವೆ? ಇದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು, ಏಕೆಂದರೆ ಪೊಲೀಸರ ಮುಂದೆ ನಿಂತಾಗ ಪುಸ್ತಕ ಕೈಯಲ್ಲಿ ಇರುವುದಿಲ್ಲ.

1969ರಲ್ಲಿ ಅಹಮದಾಬಾದಿನಲ್ಲಿ ವಿದ್ಯಾರ್ಥಿ ಮುಷ್ಕರಕ್ಕೆ ಸಂಬಂಧಿಸಿ ಬೀದಿಯಲ್ಲಿ ಸಭೆ ನಡೆಸಲು ವಿದ್ಯಾರ್ಥಿ ಸಂಘಟನೆಯೊಂದು ಪರವಾನಗಿ ಕೇಳಿತು. ಪೊಲೀಸರು ಕೊಡಲಿಲ್ಲ. ಹಿಮತ್‌ಲಾಲ್ ಶಾ ಅವರ ಆ ಮೊಕದ್ದಮೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಯಿತು. ಸಾರ್ವಜನಿಕ ಬೀದಿಯಲ್ಲಿ ಸಭೆ ಸೇರುವ ಹಕ್ಕು ಜನರಿಗೆ ಇದೆ, ಸರಕಾರ ಅದಕ್ಕೆ ಶಿಸ್ತು ಹಾಕಬಹುದು, ಆದರೆ ಮನಬಂದಂತೆ ಇಲ್ಲ ಅನ್ನುವ ಅಧಿಕಾರವನ್ನು ಪೊಲೀಸ್ ಅಧಿಕಾರಿಯ ಕೈಗೆ ಕೊಡುವಂತಿಲ್ಲ ಎಂದು 1972ರಲ್ಲಿ ತೀರ್ಪು ಬಂತು. ಇದು ವಿದ್ಯಾರ್ಥಿಗಳು ಗೆದ್ದ ತೀರ್ಪು, ನೆನಪಿಡಿ.

1997ರಲ್ಲಿ ಇನ್ನೊಂದು ತೀರ್ಪು ಬಂತು. ಬಂದ್ ಸಂವಿಧಾನಕ್ಕೆ ವಿರುದ್ಧ ಎಂದು ಕೇರಳದ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಷ್ಕರ ಬೇರೆ, ಹರತಾಳ ಬೇರೆ, ಬಂದ್ ಬೇರೆ ಎಂದು ಆ ತೀರ್ಪು ವಿಂಗಡಿಸಿತು. "ನಾವು ಕೆಲಸ ಮಾಡೋದಿಲ್ಲ, ನೀವೂ ನಮ್ಮ ಜೊತೆ ಬರ್ರಿ" ಎಂದು ಕೇಳುವುದು ಮಾತು. "ತೆರೆದರೆ ನೋಡ್ಕೋ" ಅನ್ನುವುದು ಬೆದರಿಕೆ. ಮಾತಿಗೆ ರಕ್ಷಣೆ ಇದೆ, ಬೆದರಿಕೆಗೆ ಇಲ್ಲ.

ಬೆದರಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಕೇರಳದ್ದೇ ಒಂದು ಉದಾಹರಣೆ. 1988ರ ಮಾರ್ಚ್ 15ರ ಭಾರತ್ ಬಂದ್ ದಿನ ಒಂದು ಗಿರಣಿ ತೆರೆದಿತ್ತು. ಮುಚ್ಚಿಸಲು ಗುಂಪು ಒಳಗೆ ನುಗ್ಗಿತು. ಗಿರಣಿಯವರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಗುಂಡು ಹಾರಿಸಿದ್ದು ಆತ್ಮರಕ್ಷಣೆ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಟ್ಟಿತು. ಒಂದು ಗಿರಣಿಯ ಬಾಗಿಲಿಗಾಗಿ ಎರಡು ಜೀವ ಹೋದವು. ಕರೆ ಕೊಟ್ಟ ನಾಯಕರು ಯಾರೂ ಆ ಬಾಗಿಲಲ್ಲಿ ಸಾಯಲಿಲ್ಲ. ಇದನ್ನು ಹಾಸ್ಟೆಲ್ ಹುಡುಗರು ಚೆನ್ನಾಗಿ ತಿಳಿದುಕೊಳ್ಳಬೇಕು.

ಹಾಗಾದರೆ ವ್ಯಾಪಾರಕ್ಕೆ ಪೆಟ್ಟು ಬೀಳುವ ಚಳವಳಿಯೆಲ್ಲ ತಪ್ಪೇ? ಅಲ್ಲ. ಇದಕ್ಕೆ ಅಮೆರಿಕದ ಕರಿಯ ಸೋದರರು ನಮಗೆ ದಾರಿ ತೋರಿಸಿದ್ದಾರೆ. ಮಿಸಿಸಿಪ್ಪಿ ರಾಜ್ಯದಲ್ಲಿ ಪೋರ್ಟ್ ಗಿಬ್ಸನ್ ಎಂಬ ಸಣ್ಣ ಊರು. 1966ರಲ್ಲಿ ಅಲ್ಲಿನ ಕರಿಯರು ಬಿಳಿಯರ ಮುಂದೆ ಬೇಡಿಕೆಗಳನ್ನು ಇಟ್ಟರು. ಶಾಲೆಗಳಲ್ಲಿ ಬೇರೆ ಕೂರಿಸಬೇಡಿ, ಕರಿಯರನ್ನೂ ಪೊಲೀಸ್ ಕೆಲಸಕ್ಕೆ ತೆಗೆದುಕೊಳ್ಳಿ, ಅಂಗಡಿಗಳಲ್ಲಿ ನಮ್ಮವರಿಗೂ ಗುಮಾಸ್ತರ ಕೆಲಸ ಕೊಡಿ. ಇನ್ನೊಂದು ಬೇಡಿಕೆ ಕೇಳಿದರೆ ನಿಮ್ಮ ಎದೆ ಝಲ್ ಅನ್ನುತ್ತದೆ: ನಮ್ಮನ್ನು "ಏ ಹುಡುಗ" ಎಂದು ಕರೆಯಬೇಡಿ, ಮರ್ಯಾದೆ ಕೊಟ್ಟು ಮಾತಾಡಿಸಿ. ನಮ್ಮ ಅಪ್ಪಂದಿರು ತಲೆ ಹಣ್ಣಾದ ಮೇಲೂ "ಬಾರೋ, ಹೋಗೋ" ಕೇಳಿಸಿಕೊಂಡವರು. ಈ ಬೇಡಿಕೆಯ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಿಳಿಯರು ಒಪ್ಪಲಿಲ್ಲ. ಕರಿಯರು ಆ ಊರಿನ ಬಿಳಿಯರ ಅಂಗಡಿಗಳಲ್ಲಿ ಸಾಮಾನು ಕೊಳ್ಳುವುದನ್ನು ನಿಲ್ಲಿಸಿದರು. ವರ್ಷಗಟ್ಟಲೆ ನಿಲ್ಲಿಸಿದರು. ವ್ಯಾಪಾರಿಗಳು ನಷ್ಟ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಚಳವಳಿಗಾರರ ಮೇಲೆ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚು ದಂಡ ಹೊರಿಸಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಶಾಂತವಾದ ಬಹಿಷ್ಕಾರ ಎಂದರೆ ಮಾತು, ಅದರಿಂದ ಆದ ನಷ್ಟಕ್ಕೆ ಯಾರೂ ಪರಿಹಾರ ಕಟ್ಟಬೇಕಾಗಿಲ್ಲ ಎಂದಿತು. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿತು: ಹಿಂಸೆಯಿಂದ, ಹೆದರಿಕೆಯಿಂದ ಆದ ನಷ್ಟಕ್ಕೆ ಮಾತ್ರ ಅದನ್ನು ಮಾಡಿದವರು ಹೊಣೆ.

ಇದರಲ್ಲಿ ನಮಗೆ ಬೇಕಾದ ಪಾಠ ಇದೆ. ನಮ್ಮ ಜೇಬಿನ ರೂಪಾಯಿ ನಮ್ಮದು. ಅದನ್ನು ಯಾರ ಗಲ್ಲೆಗೆ ಹಾಕಬೇಕು, ಯಾರ ಗಲ್ಲೆಗೆ ಹಾಕಬಾರದು ಎಂದು ತೀರ್ಮಾನಿಸುವವರು ನಾವು. ಪ್ರತ್ಯೇಕ ಲೋಟ ಇಟ್ಟ ಚಹಾದಂಗಡಿಗೆ ನಾವು ಹೋಗದಿದ್ದರೆ, ಹೋಗಬೇಡಿ ಎಂದು ಇಡೀ ಊರಿಗೆ ಸಾರಿದರೆ, ಅವನ ವ್ಯಾಪಾರ ಮುಳುಗಿದರೂ ನಾವು ಯಾರ ಹಕ್ಕನ್ನೂ ಕಿತ್ತಂತಾಗುವುದಿಲ್ಲ. ಆದರೆ ಅವನ ಗಾಜು ಒಡೆದ ಕ್ಷಣ ಮಾತು ಲೋಟದಿಂದ ಗಾಜಿಗೆ ಹೊರಳುತ್ತದೆ. ಮಾರನೆಯ ದಿನದ ಪತ್ರಿಕೆಯಲ್ಲಿ ಅಸ್ಪೃಶ್ಯತೆಯ ಸುದ್ದಿ ಇರುವುದಿಲ್ಲ, ಒಡೆದ ಗಾಜಿನ ಫೋಟೋ ಇರುತ್ತದೆ.

ಇಷ್ಟು ಹೇಳಿದ ಮೇಲೆ ಸರಕಾರದ ಕಡೆಗೂ ತಿರುಗಿ ನೋಡಬೇಕು. "ವ್ಯಾಪಾರಕ್ಕೆ ತೊಂದರೆ, ಸಂಚಾರಕ್ಕೆ ತೊಂದರೆ" ಎಂಬ ಮಾತನ್ನು ಮುಂದೆ ಮಾಡಿ ಚಳವಳಿಯನ್ನೇ ಮೂಲೆಗೆ ತಳ್ಳುವ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಧರಣಿ, ಪ್ರತಿಭಟನೆ ಎಲ್ಲ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಅದು ಮೊದಲು ಸೆಂಟ್ರಲ್ ಜೈಲು ಆಗಿತ್ತು. ತುರ್ತುಪರಿಸ್ಥಿತಿಯಲ್ಲಿ ಸರಕಾರವನ್ನು ವಿರೋಧಿಸಿದವರನ್ನು ಕೂಡಿಹಾಕಿದ ಜಾಗ ಅದು. ಈಗ ಅದೇ ಗೋಡೆಯ ಒಳಗೆ ಹೋಗಿ ಸ್ವಾತಂತ್ರ್ಯದಿಂದ ಕೂಗಿ ಅನ್ನುತ್ತಾರೆ.

ಗೆಳೆಯರೇ, ಹಳ್ಳಿಯಲ್ಲಿ ನಮ್ಮನ್ನು ಎಲ್ಲಿ ಇಟ್ಟರು? ಊರು ಒಂದು ಕಡೆ, ಕೇರಿ ಒಂದು ಕಡೆ. ದುಡಿಮೆಗೆ ಬೇಕು, ಕಣ್ಣಿಗೆ ಬೇಡ. ಈಗ ನಗರದಲ್ಲಿ ಮಾತಿಗೂ ಒಂದು ಕೇರಿ ಕಟ್ಟುತ್ತಿದ್ದಾರೆ. ಓಟಿಗೆ ಬೇಕು, ಕಿವಿಗೆ ಬೇಡ. ಯಾರಿಗೆ ಕೇಳಬೇಕೋ ಅವರಿಗೆ ಕೇಳದ ಜಾಗದಲ್ಲಿ ನಿಂತು ಕೂಗಿದರೆ ಅದು ಕೂಗೇ ಅಲ್ಲ. ಬೆಂಗಳೂರಿನಲ್ಲಿ ಆದದ್ದು ನಾಳೆ ಹುಬ್ಬಳ್ಳಿಗೂ ಬರಬಹುದು. ಚೆನ್ನಮ್ಮ ಸರ್ಕಲ್ ಬೇಡ, ತಹಶೀಲ್ದಾರರ ಕಚೇರಿ ಬೇಡ, ಊರಾಚೆ ಯಾವುದೋ ಬಯಲಿಗೆ ಹೋಗಿ ಎಂದರೆ ನಾವು ಒಪ್ಪಬಾರದು.

ಇದಕ್ಕೂ ನಮ್ಮ ಪರವಾಗಿ ತೀರ್ಪು ಇದೆ. ದಿಲ್ಲಿಯ ಜಂತರ್ ಮಂತರ್ ಬಳಿಯ ನಿವಾಸಿಗಳು ಗದ್ದಲ ತಾಳಲಾರದೆ ಹಸಿರು ನ್ಯಾಯಮಂಡಳಿಗೆ ಹೋದರು. 2017ರ ಅಕ್ಟೋಬರಿನಲ್ಲಿ ಅದು ಅಲ್ಲಿನ ಧರಣಿಗಳನ್ನೇ ನಿಲ್ಲಿಸಿತು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಜುಲೈ 23ರಂದು ಬಂದ ತೀರ್ಪು ಎರಡೂ ಕಡೆಯವರ ಹಕ್ಕನ್ನು ಒಪ್ಪಿತು. ನಿವಾಸಿಗಳಿಗೆ ನೆಮ್ಮದಿಯ ಹಕ್ಕು ಇದೆ, ಆದರೆ ಅದಕ್ಕಾಗಿ ಪ್ರತಿಭಟನೆಯನ್ನು ಪೂರ್ತಿ ನಿಷೇಧಿಸುವುದು ಸರಿಯಲ್ಲ, ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಸದ್ದು ಎಂದು ನಿಯಮ ಮಾಡಿ ಎಂದು ಪೊಲೀಸರಿಗೆ ಹೇಳಿತು. 2020ರ ಅಕ್ಟೋಬರ್ 7ರಂದು ಶಾಹೀನ್‌ಬಾಗ್ ಕುರಿತ ತೀರ್ಪು ಬೇರೆ ದಿಕ್ಕಿಗೆ ಹೋಯಿತು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಪ್ರತಿಭಟಿಸಿ ಎಂದಿತು. ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ನಾವು ವಾದಿಸಬೇಕು. ಜಾಗ ಗೊತ್ತುಮಾಡುವುದಾದರೆ ಅದು ಅಧಿಕಾರ ಇರುವವರ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಜಾಗ ಆಗಿರಲಿ.

ಕೆಲವರು ನಮಗೆ ಬಾಬಾಸಾಹೇಬರ ಮಾತನ್ನೇ ತೋರಿಸುತ್ತಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರ, ಕಾನೂನುಭಂಗಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂಬ ಅರ್ಥದಲ್ಲಿ ಹೇಳಿದರು. "ನೋಡ್ರಿ, ನಿಮ್ಮ ನಾಯಕರೇ ಬೀದಿಗೆ ಇಳೀಬ್ಯಾಡ್ರಿ ಅಂದಾರ" ಎಂದು ನಮಗೆ ಪಾಠ ಹೇಳುತ್ತಾರೆ. ಬಾಬಾಸಾಹೇಬರು ಬೀದಿಯನ್ನು ಅರಿಯದವರಲ್ಲ. ಮಹಾಡದ ಕೆರೆಗೆ ಜನರನ್ನು ನಡೆಸಿಕೊಂಡು ಹೋದವರು ಅವರು. 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ಕಾರ್ಮಿಕರ ವಿರುದ್ಧದ ಮಸೂದೆಯನ್ನು ಎದುರಿಸಿ ಒಂದು ದಿನದ ಮುಷ್ಕರ ಮಾಡಿಸಿದವರೂ ಅವರೇ. 1949ರಲ್ಲಿ ಅವರು ಹೇಳಿದ್ದು ಸಂವಿಧಾನದ ದಾರಿ ಹಿಡಿಯಿರಿ ಎಂದು. ಶಾಂತವಾಗಿ ಸೇರುವುದು, ಕೂಗಿ ಹೇಳುವುದು, ಮೆರವಣಿಗೆ ಹೋಗುವುದು 19ನೇ ವಿಧಿಯೊಳಗಿನ ದಾರಿ. ಒಬ್ಬನ ಶಟರನ್ನು ಇನ್ನೊಬ್ಬ ಎಳೆಯುವುದು ಅದರ ಹೊರಗಿನದು. ಅವರ ಮಾತನ್ನು ಪೂರ್ತಿ ಓದಿದರೆ ಅದು ನಮ್ಮ ಬಾಯಿ ಮುಚ್ಚಿಸುವುದಿಲ್ಲ. ನಮ್ಮ ಕೈಯನ್ನು ಮಾತ್ರ ಹಿಡಿಯುತ್ತದೆ.

ಈಗ ಮಾಡುವುದೇನು? ನಮ್ಮೊಳಗೆ ಚರ್ಚೆ ಆಗಲಿ ಎಂದು ಕೆಲವು ಮಾತುಗಳನ್ನು ಮುಂದಿಡುತ್ತೇವೆ.

ಒಂದು. ಕರೆ ಕೊಡುವ ಮೊದಲು ಪೇಟೆಗೆ ಹೋಗೋಣ. ಅಂಗಡಿ ಅಂಗಡಿಗೆ ಹೋಗಿ ಕರಪತ್ರ ಕೊಟ್ಟು, "ಸಾವುಕಾರ್ರ, ಇದು ನಮ್ಮ ಬೇಡಿಕಿ, ಓದ್ರಿ. ಮನಸ್ಸಿಗೆ ಬಂದ್ರ ಅವತ್ತು ನೀವಾಗೇ ಬಾಗಿಲು ಹಾಕ್ರಿ" ಎಂದು ಹೇಳೋಣ. ಹತ್ತು ಜನ ತಾವಾಗಿ ಮುಚ್ಚಿದರೆ ಅದು ನೂರು ಜನ ಹೆದರಿ ಮುಚ್ಚಿದ್ದಕ್ಕಿಂತ ದೊಡ್ಡದು.

ಎರಡು. ಯಾರ ಶಟರನ್ನೂ ನಮ್ಮ ಕೈ ಮುಟ್ಟಬಾರದು. ತೆರೆದವನು ತೆರೆಯಲಿ. ಅವನಿಗೆ ನಮ್ಮ ಮಾತು ಇನ್ನೂ ಮುಟ್ಟಿಲ್ಲ ಎಂದು ತಿಳಿದು ಮತ್ತೆ ಹೋಗಿ ಮಾತಾಡೋಣ.

ಮೂರು. ತಪ್ಪು ಯಾರದೋ ಅವರ ಮುಂದೆ ಕೂರೋಣ. ಕಚೇರಿಯ ತಪ್ಪಾದರೆ ಕಚೇರಿಯ ಮುಂದೆ. ಅಂಗಡಿಯವನೇ ಜಾತಿ ಮಾಡಿದ್ದರೆ ಅದೇ ಅಂಗಡಿಯ ಎದುರಿಗೆ ಫಲಕ ಹಿಡಿದು ನಿಲ್ಲೋಣ, ಆದರೆ ಬಾಗಿಲಿನಷ್ಟು ದಾರಿ ಬಿಟ್ಟು. ತಪ್ಪಿಲ್ಲದ ಪಕ್ಕದ ಅಂಗಡಿಗೆ ಹೋಗುವ ಗಿರಾಕಿಯನ್ನು ತಡೆಯುವುದು ಬೇಡ.

ನಾಲ್ಕು. ತಳ್ಳುಗಾಡಿಯವರನ್ನು ಎಬ್ಬಿಸಬೇಡಿ. ಅವರಿಗೆ ಜಾಗ ಬಿಟ್ಟು ನಾವು ಕೂರೋಣ. ಮೆರವಣಿಗೆಗೆ ಬಂದವರು ಹಸಿದಾಗ ಅವರ ಹತ್ತಿರವೇ ಕೊಂಡು ತಿನ್ನೋಣ. ಔಷಧದ ಅಂಗಡಿ, ಆಸ್ಪತ್ರೆ, ಕಿಮ್ಸ್ ಕಡೆ ಹೊರಟ ಆಂಬುಲೆನ್ಸ್, ಪರೀಕ್ಷೆಗೆ ಹೊರಟ ಮಕ್ಕಳು, ಇವರಿಗೆ ದಾರಿ ಮಾಡಿಕೊಡಲು ನಮ್ಮ ಸ್ವಯಂಸೇವಕರೇ ನಿಲ್ಲಬೇಕು.

ಐದು. ರಾತ್ರಿ ಹತ್ತರ ಮೇಲೆ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ನೇ ಇಸವಿಯ ನಿಯಮ ಇದೆ. ಅಹೋರಾತ್ರಿ ಧರಣಿಯಾದರೆ ಆ ಹೊತ್ತಿಗೆ ಮೈಕು ಆರಿಸಿ ಕೂರೋಣ. ಮೈಕಿಲ್ಲದ ಧರಣಿಯೂ ಧರಣಿಯೇ.

ಆರು. ಪರವಾನಗಿಯನ್ನು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಇಲ್ಲ ಅಂದರೆ ಕಾರಣವನ್ನು ಬರಹದಲ್ಲೇ ಕೊಡಿ ಎನ್ನಿ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144ನೇ ಸೆಕ್ಷನ್ ಆದೇಶ ಕಾನೂನುಬಾಹಿರ ಎಂದು ಹೈಕೋರ್ಟು 2020ರ ಫೆಬ್ರವರಿಯಲ್ಲಿ ಹೇಳಲು ಸಾಧ್ಯವಾದದ್ದು ಆ ಆದೇಶ ಕಾಗದದ ಮೇಲೆ ಇದ್ದದ್ದರಿಂದ. ಬಾಯಿಮಾತಿನ ನಿರಾಕರಣೆಯನ್ನು ಪ್ರಶ್ನಿಸುವುದು ಕಷ್ಟ.

ಏಳು. ಇದು ಹಾಸ್ಟೆಲಿನವರಿಗೆ ವಿಶೇಷವಾಗಿ. ಸಾರ್ವಜನಿಕ ಆಸ್ತಿ ಹಾಳು ಮಾಡಿದರೆ 1984ರ ಕಾಯ್ದೆ ಇದೆ. ನಷ್ಟವನ್ನು ಚಳವಳಿ ಕರೆದವರಿಂದಲೂ ವಸೂಲು ಮಾಡಬಹುದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಲ್ಲು ಎಸೆ ಎಂದು ಕಿವಿಯಲ್ಲಿ ಊದುವವನು ಸಂಜೆ ಜೀಪು ಹತ್ತಿ ಮನೆಗೆ ಹೋಗುತ್ತಾನೆ. ಎಫ್‌ಐಆರ್‌ನಲ್ಲಿ ಹೆಸರು ಬೀಳುವುದು ಬಿ.ಎ. ಮೊದಲ ವರ್ಷದ ಹುಡುಗನದು. ನಾಳೆ ನೌಕರಿಗೆ ಅರ್ಜಿ ಹಾಕಿದಾಗ ಪೊಲೀಸ್ ಪರಿಶೀಲನೆಯಲ್ಲಿ ಅದು ಎದ್ದು ನಿಲ್ಲುತ್ತದೆ. ಕೂಲಿ ಮಾಡಿ ಓದಿಸುವ ಅವ್ವ ಅಪ್ಪ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಯಾವ ಸಂಘಟನೆಯವರೇ ಆಗಲಿ, ನಿಮ್ಮ ಕೈಗೆ ಕಲ್ಲು ಕೊಟ್ಟರೆ ತಿರುಗಿಸಿ ಅವರ ಕೈಗೇ ಕೊಡಿ.

ಹಾಸ್ಟೆಲುಗಳು ಈ ನಾಡಿನ ಚಳವಳಿಗೆ ಬಹಳ ಕೊಟ್ಟಿವೆ. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ, ಬೂಸಾ ಎಂಬ ಒಂದು ಶಬ್ದಕ್ಕೆ, ಎಂಥ ಗಲಭೆ ಆಯಿತು ಎಂಬುದನ್ನು ನೀವು ಓದಿದ್ದೀರಿ. ಆಗ ಬೀದಿಯಲ್ಲಿ ಹೊಡೆತ ತಿಂದವರು ದಲಿತ ವಿದ್ಯಾರ್ಥಿಗಳು. ಮಂತ್ರಿಗಿರಿ ಕಳೆದುಕೊಂಡವರು ಬಸವಲಿಂಗಪ್ಪನವರು. ಗುಂಪು ಕಟ್ಟಿ ಹೆದರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವುದು ಏನೆಂದು ನಾವು ಮೈಮೇಲೆ ಅನುಭವಿಸಿದ್ದೇವೆ. ಅದೇ ಹತಾರವನ್ನು ನಾವು ತಳ್ಳುಗಾಡಿಯವಳ ಮುಂದೆ ಎತ್ತಬಾರದು.

ಪೇಟೆಯ ಬೀದಿ ನಮ್ಮದೂ ಹೌದು. ಅದರಲ್ಲಿ ನಡೆಯುತ್ತೇವೆ, ಕೂರುತ್ತೇವೆ, ಕೂಗುತ್ತೇವೆ. ಯಾರೂ ನಮ್ಮನ್ನು ಅಲ್ಲಿಂದ ಎಬ್ಬಿಸಿ ಊರಾಚೆಗೆ ಕಳಿಸಲು ಬಿಡುವುದಿಲ್ಲ. ಅಂಗಡಿಯ ಬಾಗಿಲು ಮಾತ್ರ ಅಂಗಡಿಯವನದು. ಅದನ್ನು ಹಾಕಬೇಕೋ ತೆಗೆಯಬೇಕೋ ಅವನು ನಮ್ಮ ಮಾತು ಕೇಳಿ ತೀರ್ಮಾನಿಸಲಿ.

ಇದು ಕೊನೆಯ ಮಾತಲ್ಲ. ಒಪ್ಪದವರು ಈಗಲೇ ಎದ್ದು ನಿಂತು ಹೇಳಿ, ಇಲ್ಲೇ ಮಾತಾಡೋಣ. ಹಾಸ್ಟೆಲಿಗೆ ಹೋದ ಮೇಲೆ ರಾತ್ರಿ ಊಟದ ಹೊತ್ತಿಗೂ ಈ ಚರ್ಚೆ ನಡೆಯಲಿ.

ಜೈಭೀಮ್.